ಕಪಾಟಿನ ಗಾಜೂ ಕೈಯ ಗಾಜೂ

ಹಳೆಯ ಗಾಜಿನ ಸಾಮಾನುಗಳನ್ನು ದೇಶದೇಶಗಳಿಂದ ಹುಡುಕಿ ತಂದು, ಮಖಮಲ್ಲು ಹಾಸಿದ ಕಪಾಟುಗಳಲ್ಲಿ ಸಾಲಾಗಿ ನಿಲ್ಲಿಸಿ, ಹಿಂದುಗಡೆಯಿಂದ ದೀಪ ಹೊತ್ತಿಸಿ ಜನರಿಗೆ ತೋರಿಸುವ ಪದ್ಧತಿಯು ಪಾಶ್ಚಾತ್ಯ ದೇಶಗಳಲ್ಲಿ ಬಹುಕಾಲದಿಂದ ನಡೆದುಬಂದು, ಭಾರತದ ದೊಡ್ಡ ಪಟ್ಟಣಗಳಲ್ಲಿಯೂ ಬೇರೂರಿದೆ. ಹೈದರಾಬಾದಿನ ಸಾಲಾರ್ ಜಂಗ್ ವಸ್ತುಸಂಗ್ರಹಾಲಯವು 1951ರಲ್ಲಿ ಬಾಗಿಲು ತೆರೆದಂದಿನಿಂದ ಅಲ್ಲಿಯ ಯೂರೋಪು ಖಂಡದ ಗಾಜಿನ ಮುಂದೆ ನಿಂತು ಬೆರಗಾಗಿ ಬಂದ ಕನ್ನಡಿಗರ ಸಂಖ್ಯೆ ಸಣ್ಣದಲ್ಲ. ಆದರೆ ಬೆರಗಾಗುವುದು ಬೇರೆ, ನೋಡುವುದು ಬೇರೆ. ಕಾವ್ಯವನ್ನೋ ನಾಟಕವನ್ನೋ ವಿಮರ್ಶಿಸುವವರು ಗುಣದೋಷಗಳನ್ನು ತೂಗಿ ಹೇಳುವರು. ಗಾಜಿನ ಪ್ರದರ್ಶನವನ್ನು ಕುರಿತು ಬರೆಯುವವರಾದರೋ, ಇದು ಇಷ್ಟು ವರ್ಷ ಹಳೆಯದು, ಇಷ್ಟು ಬೆಲೆಯದು, ಜಗತ್ತಿನಲ್ಲಿ ಇಂಥದು ಇನ್ನು ಎರಡೇ ಇವೆ ಎಂಬ ಮೂರು ಮಾತುಗಳಿಂದ ತೃಪ್ತರಾಗುವರು. ಈ ಮೂರರಲ್ಲಿ ಒಂದೂ ಗಾಜಿನ ವಿಷಯದ ಮಾತಲ್ಲ. ಮೊದಲನೆಯದು ಪಂಚಾಂಗದ ಮಾತು, ಎರಡನೆಯದು ಪೇಟೆಯ ಮಾತು, ಮೂರನೆಯದು ಜಂಬದ ಮಾತು.

ಪ್ರದರ್ಶನವೆಂಬುದೂ ಒಂದು ರಚನೆಯೇ. ಯಾವುದನ್ನು ಆರಿಸಬೇಕು, ಯಾವುದನ್ನು ಬಿಡಬೇಕು, ಯಾವುದರ ಮಗ್ಗುಲಲ್ಲಿ ಯಾವುದನ್ನು ನಿಲ್ಲಿಸಬೇಕು, ಎಷ್ಟು ಬೆಳಕು ಬೀಳಿಸಬೇಕು, ಕೆಳಗಿನ ಚೀಟಿಯಲ್ಲಿ ಏನೆಂದು ಬರೆಯಬೇಕು, ಇವೆಲ್ಲ ಕವಿಯು ಶಬ್ದಗಳನ್ನು ಆರಿಸುವಾಗ ತೋರುವಷ್ಟೇ ವಿವೇಕವನ್ನು ಬೇಡುವ ಕೆಲಸಗಳು. ಕಾವ್ಯಕ್ಕೆ ಔಚಿತ್ಯವೇ ಜೀವವೆಂದು ಸಾಧಿಸಿದ ಕ್ಷೇಮೇಂದ್ರನು ಒಡವೆಗಳ ಉದಾಹರಣೆಯನ್ನೇ ಎತ್ತಿಕೊಂಡನು; ಕೊರಳಿನ ಹಾರವನ್ನು ಸೊಂಟಕ್ಕೆ ಕಟ್ಟಿದರೆ ಹಾರದ ಬೆಲೆಯೇನೂ ಕುಂದದಿದ್ದರೂ ಕಟ್ಟಿಕೊಂಡವರು ನಗೆಪಾಟಲಾಗುವರು. ಆದುದರಿಂದ ಗಾಜಿನ ಪ್ರದರ್ಶನವನ್ನು ಅಳೆಯುವಾಗ ಕೇಳಬೇಕಾದ ಪ್ರಶ್ನೆಯು ಅಲ್ಲಿರುವ ಪದಾರ್ಥಗಳು ಎಷ್ಟು ಅಪೂರ್ವವೆಂಬುದಲ್ಲ; ಅವುಗಳನ್ನು ಅಲ್ಲಿ ಹಾಗೆ ಇಟ್ಟುದರಿಂದ ನೋಡುವವನಿಗೆ ಏನು ತಿಳಿಯಿತು, ಏನು ಮರೆಯಾಯಿತು ಎಂಬುದು.

'ಅಪೂರ್ವ' ಎಂಬ ಶಬ್ದವನ್ನೇ ಸ್ವಲ್ಪ ಬಿಡಿಸಿ ನೋಡುವುದು ಒಳ್ಳೆಯದು. ಸಂಗ್ರಹಕಾರರು ಈ ಶಬ್ದವನ್ನು ಒಂದೇ ಅರ್ಥದಲ್ಲಿ ಬಳಸುವಂತೆ ಕಂಡರೂ ಅದರೊಳಗೆ ಬಹಳ ಭೇದವಿದೆ. ಒಬ್ಬ ದೊರೆಗಾಗಿ ಒಂದೇ ಒಂದನ್ನು ಮಾಡಿದುದರಿಂದ ಅಪೂರ್ವವಾದ ವಸ್ತುವುಂಟು. ಸಾವಿರಾರು ಮಾಡಿದರೂ ಒಡೆದು ಹೋಗಿ ನಾಲ್ಕೈದು ಉಳಿದುದರಿಂದ ಅಪೂರ್ವವಾದುದು ಇನ್ನೊಂದು. ಮನೆಮನೆಯಲ್ಲಿಯೂ ಇದ್ದು, ಇದನ್ನು ಇಟ್ಟುಕೊಳ್ಳಬೇಕೆಂದು ಒಬ್ಬರಿಗೂ ತೋಚದೆ ತಿಪ್ಪೆಗೆ ಹೋದುದರಿಂದ ಅಪೂರ್ವವಾದುದೂ ಉಂಟು. ಮೊದಲನೆಯ ಬಗೆಗೆ ಎಲ್ಲ ಪ್ರದರ್ಶನಗಳೂ ಕೈಮುಗಿಯುತ್ತವೆ, ಎರಡನೆಯದಕ್ಕೆ ಬೆಲೆ ಕಟ್ಟುತ್ತವೆ. ಮೂರನೆಯದರ ಕಡೆಗೆ ಅವು ತಿರುಗಿಯೂ ನೋಡುವುದಿಲ್ಲ.

ಮೊದಲನೆಯ ಬಗೆಗೆ ಉದಯಪುರದ ಫತೇಪ್ರಕಾಶ ಅರಮನೆಯ ಗಾಜಿನ ಸಂಗ್ರಹಕ್ಕಿಂತ ಒಳ್ಳೆಯ ನಿದರ್ಶನ ದೊರೆಯಲಾರದು. 1877ರಲ್ಲಿ ಮಹಾರಾಣಾ ಸಜ್ಜನಸಿಂಹನು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಪಟ್ಟಣದ ಆಸ್ಲರ್ ಕಂಪೆನಿಗೆ ಗಾಜಿನ ಮೇಜು, ಕುರ್ಚಿ, ಮಂಚ, ಸುಗಂಧದ ಬುಡ್ಡಿ ಮೊದಲಾದುವನ್ನು ಮಾಡಿಕೊಡಬೇಕೆಂದು ಬರೆಸಿದನು. ಆ ಕಂಪೆನಿಯು ಅದಕ್ಕೆ ಎಷ್ಟೋ ವರ್ಷ ಮೊದಲೇ, 1840ರ ದಶಕದಲ್ಲಿಯೇ, ಕಲ್ಕತ್ತೆಯಲ್ಲಿ ಮಳಿಗೆಯನ್ನು ತೆರೆದು ದೇಶೀಯ ಸಂಸ್ಥಾನಗಳ ಅರಮನೆಗಳಿಗೆ ದೀಪದ ಗೊಂಚಲುಗಳನ್ನು ಮಾರುತ್ತಿತ್ತು; 1851ರ ಲಂಡನ್ ಮಹಾಪ್ರದರ್ಶನದಲ್ಲಿ 27 ಅಡಿ ಎತ್ತರದ ಗಾಜಿನ ಕಾರಂಜಿಯನ್ನು ನಿಲ್ಲಿಸಿ ಹೆಸರು ಪಡೆದಿತ್ತು. ಮಹಾರಾಣನು 1884ರಲ್ಲಿ ತೀರಿಕೊಂಡನು. ಸಾಮಾನುಗಳು ಬಂದಾಗ ಅವುಗಳನ್ನು ತರಿಸಿದವನು ಇರಲಿಲ್ಲ. ಪೆಟ್ಟಿಗೆಗಳು ನೂರು ವರ್ಷಗಳಿಗೂ ಮಿಕ್ಕು ಕತ್ತಲೆಯಲ್ಲಿ ಬಿದ್ದಿದ್ದು, 1994ರಲ್ಲಿ ಜನರ ಕಣ್ಣಿಗೆ ಬಿದ್ದುವು. ಅಮೆರಿಕದ ಕಾರ್ನಿಂಗ್ ಪಟ್ಟಣದ ಗಾಜಿನ ವಸ್ತುಸಂಗ್ರಹಾಲಯವು 2006ರಲ್ಲಿ ಭಾರತದ ಮಹಾರಾಜರ ಗಾಜನ್ನೇ ವಿಷಯವಾಗಿ ಮಾಡಿಕೊಂಡು ಒಂದು ಪ್ರದರ್ಶನವನ್ನು ಏರ್ಪಡಿಸಿದ ಮೇಲೆ ಈ ಬಗೆಯ ಸಾಮಾನಿನ ಕೀರ್ತಿಯು ಮತ್ತಷ್ಟು ಹಬ್ಬಿತು.

ಕೆಲಸದ ನಯಗಾರಿಕೆಯಲ್ಲಿ ಇವುಗಳಿಗೆ ಎಣೆಯಿಲ್ಲವೆಂಬುದನ್ನು ಒಪ್ಪಲೇಬೇಕು. ಒಳಗಿನ ಮರದ ಅಥವಾ ಲೋಹದ ಚೌಕಟ್ಟು ಹೊರಗೆ ಕಾಣದಂತೆ ಕೊರೆದ ಗಾಜಿನ ತುಂಡುಗಳನ್ನು ಕೂಡಿಸಿ, ಇಡೀ ಕುರ್ಚಿಯೇ ನೀರಿನಿಂದ ಆದಂತೆ ತೋರಿಸುವುದು ಸಾಮಾನ್ಯ ಕುಶಲತೆಯಲ್ಲ. ಆದರೂ ಈ ಮಂಚದ ಮೇಲೆ ತರಿಸಿದ ದೊರೆಯು ಒಂದು ರಾತ್ರಿಯೂ ಮಲಗಲಿಲ್ಲ, ಈ ಬುಡ್ಡಿಯಿಂದ ಆತನು ಒಂದು ತೊಟ್ಟು ಅತ್ತರನ್ನು ತೆಗೆಯಲಿಲ್ಲ. ಬಳಕೆಯಿಂದ ವಸ್ತುವಿಗೆ ಬರುವ ಸಣ್ಣಪುಟ್ಟ ಗೀಚು, ಅಂಚಿನ ಸವೆತ, ಹಿಡಿಯುವೆಡೆಯ ಮಂಕು, ಇವು ಯಾವುವೂ ಅಲ್ಲಿ ಇರಲಾರವು. ಒಮ್ಮೆಯೂ ಆಡದೆ ಬರೆದಿಟ್ಟ ನಾಟಕದಂತೆ ಅವು ಸಂಪೂರ್ಣವಾಗಿವೆ, ಮತ್ತು ಮೂಕವಾಗಿವೆ. ಪ್ರದರ್ಶಕರು ಈ ಮೂಕತನವನ್ನೇ ಒಂದು ಗುಣವೆಂದು ತೋರಿಸಿ, 'ಕೈಮುಟ್ಟದ ಸಾಮಾನು' ಎಂದು ಹೊಗಳುವುದುಂಟು. ಕೈಮುಟ್ಟದಿರುವುದು ಹಣ್ಣಿಗೆ ಗುಣವಾಗಬಹುದು, ಪಾತ್ರೆಗೆ ಆಗಲಾರದು.

ಇದರ ಎದುರಿಗೆ ಮೈಸೂರು ಅರಮನೆಯ ಕಲ್ಯಾಣಮಂಟಪವನ್ನು ನಿಲ್ಲಿಸಿ ನೋಡಿದರೆ ಔಚಿತ್ಯದ ತತ್ತ್ವವು ಕೂಡಲೆ ಮನಸ್ಸಿಗೆ ಬರುವುದು. 1897ರಲ್ಲಿ ರಾಜಕುಮಾರಿಯ ವಿವಾಹದ ಸಂದರ್ಭದಲ್ಲಿ ಹಳೆಯ ಮರದ ಅರಮನೆಯು ಬೆಂಕಿಗೆ ಆಹುತಿಯಾಗಲು, ಹೆನ್ರಿ ಇರ್ವಿನ್ನನ ನಕ್ಷೆಯಂತೆ ಕಟ್ಟಿದ ಹೊಸ ಅರಮನೆಯು 1912ರಲ್ಲಿ ಪೂರ್ಣವಾಯಿತು. ಎಂಟು ಮೂಲೆಯ ಆ ಮಂಟಪದ ಎರಕದ ಕಬ್ಬಿಣದ ಕಂಬಗಳೂ ಮೇಲಿನ ಬಣ್ಣದ ಗಾಜಿನ ಛಾವಣಿಯೂ ಸ್ಕಾಟ್ಲೆಂಡಿನ ಗ್ಲಾಸ್ಗೋ ಪಟ್ಟಣದ ಮ್ಯಾಕ್‌ಫರ್ಲೇನ್ ಕಾರ್ಖಾನೆಯಲ್ಲಿ ತಯಾರಾದುವು. ಹುಟ್ಟಿನಿಂದ ಅದೂ ಪರದೇಶದ ಗಾಜೇ. ಆದರೆ ಛಾವಣಿಯ ನವಿಲುಗಳು ಕೆಳಗಿನ ನೆಲಗಟ್ಟಿನಲ್ಲಿ ಮತ್ತೆ ಕಾಣಿಸಿಕೊಂಡು, ಮೈಸೂರಿನ ಬಿಸಿಲು ಆ ಗಾಜಿನ ಮೂಲಕ ಇಳಿದು, ಮದುವೆಯ ಹಸೆಮಣೆಯ ಮೇಲೆ ಬೀಳುವಂತೆ ಅದನ್ನು ಯೋಜಿಸಿದ್ದಾರೆ. ಅಲ್ಲಿ ಗಾಜನ್ನು ನೋಡಬೇಕೆಂದು ಒಬ್ಬರೂ ಬೆರಳು ತೋರಿಸಬೇಕಾಗಿಲ್ಲ. ಗಾಜು ತನ್ನ ಕೆಲಸವನ್ನು ಮಾಡುತ್ತಿದೆ. ಕಪಾಟಿಗೆ ಬಂದ ಗಾಜಿಗೆ ಕೆಲಸ ತಪ್ಪಿಹೋಗಿರುವುದರಿಂದ ಅದು ಮಾಡುತ್ತಿದ್ದ ಕೆಲಸವನ್ನು ನೋಡುವವನ ಕಲ್ಪನೆಗೆ ತಂದುಕೊಡುವುದೇ ಪ್ರದರ್ಶಕನ ಮೊದಲನೆಯ ಹೊಣೆ.

ಎರಡನೆಯ ಹೊಣೆಯು ಗಾಜನ್ನು ಓದಲು ಕಲಿಸುವುದು. ಇದರಲ್ಲಿ ಬಹುತೇಕ ಪ್ರದರ್ಶನಗಳು ತೀರ ಹಿಂದೆ ಬಿದ್ದಿವೆ. ಊದಿ ಮಾಡಿದ ಲೋಟದ ತಳವನ್ನು ತಿರುವಿ ನೋಡಿದರೆ, ಕಾದ ಗಾಜನ್ನು ಹಿಡಿದಿದ್ದ ಕಂಬಿಯನ್ನು ಮುರಿದು ಬಿಡಿಸಿದ ಜಾಗದಲ್ಲಿ ಒಂದು ಗಾಯದ ಗುರುತು ಇರುವುದು. ಅಚ್ಚಿನಲ್ಲಿ ಒತ್ತಿದುದಕ್ಕೆ ಅಚ್ಚಿನ ಎರಡು ಹೋಳುಗಳು ಕೂಡಿದೆಡೆಯಲ್ಲಿ ನೂಲಿನಂತಹ ಗೆರೆಯೊಂದು ನಿಲ್ಲುವುದು. 1820ರ ದಶಕದಲ್ಲಿ ಅಮೆರಿಕದಲ್ಲಿ ಈ ಒತ್ತುವ ಯಂತ್ರವು ಬಂದ ಮೇಲೆ ಬಡವರ ಮೇಜಿನ ಮೇಲೂ ಕೆತ್ತನೆಯಂತೆ ಕಾಣುವ ಗಾಜು ಬಂದಿತು. ಇಂಗ್ಲೆಂಡಿನ ರೇವನ್ಸ್‌ಕ್ರಾಫ್ಟನು 1674ರಲ್ಲಿ ಹಕ್ಕುಪತ್ರ ಪಡೆದ ಮೇಲೆ ಸೀಸ ಬೆರೆಸಿದ ಗಾಜು ರೂಢಿಗೆ ಬಂದು, ತೂಕದಲ್ಲಿ ಭಾರವಾಗಿ, ಉಗುರಿನಿಂದ ಮೀಟಿದರೆ ಗಂಟೆಯಂತೆ ದನಿಗೊಟ್ಟಿತು. ಆ ದೇಶದ ಸರ್ಕಾರವು 1745ರಿಂದ ಗಾಜಿಗೆ ತೂಕದ ಮೇಲೆ ಸುಂಕ ಹಾಕಿದ್ದರಿಂದ ಲೋಟಗಳ ಮೈ ತೆಳ್ಳಗಾಯಿತು. 1845ರಲ್ಲಿ ಸುಂಕವು ಹೋಗಲು, ಆರೇ ವರ್ಷಗಳಲ್ಲಿ ಸುಮಾರು 3 ಲಕ್ಷ ಹಲಗೆ ಗಾಜಿನಿಂದ ಲಂಡನ್ನಿನ ಸ್ಫಟಿಕ ಮಂದಿರವು ಎದ್ದು ನಿಂತಿತು. 1889ರಲ್ಲಿ ಬೆಂಗಳೂರಿನ ಲಾಲ್‌ಬಾಗಿನಲ್ಲಿ ತಳಹದಿ ಹಾಕಿದ ಗಾಜಿನ ಮನೆಯು ಅದರ ದೂರದ ಮೊಮ್ಮಗು. ಒಂದು ಲೋಟದ ತೂಕದಲ್ಲಿ ಒಂದು ರಾಜ್ಯದ ಸುಂಕದ ಚರಿತ್ರೆಯು ಅಡಗಿದೆಯೆಂಬುದನ್ನು ಎರಡು ಸಾಲಿನ ಚೀಟಿಯಲ್ಲಿ ಹೇಳಬಹುದು. ಹೇಳುವವರು ಎಲ್ಲಿ? ಚೀಟಿಯಲ್ಲಿ 'ಲೋಟ, ಇಂಗ್ಲೆಂಡು' ಎಂದಿರುವುದು. ಅದು ಲೋಟವೆಂಬುದು ಕಾಣುತ್ತಲೇ ಇದೆ.

ಇನ್ನು ಕೆಲವು ಕಡೆ ವಿದ್ಯೆಗೆ ಬದಲಾಗಿ ಚಮತ್ಕಾರವನ್ನು ತರುವರು. ಬೊಹೀಮಿಯ ದೇಶದಲ್ಲಿ 1830ರ ದಶಕದಿಂದ ಯುರೇನಿಯಮ್ ಧಾತುವನ್ನು ಬೆರೆಸಿ ಹಳದಿ ಮತ್ತು ಹಸುರು ಬಣ್ಣದ ಗಾಜನ್ನು ಮಾಡುತ್ತಿದ್ದರು. ಕೋಣೆಯನ್ನು ಕತ್ತಲೆ ಮಾಡಿ ನೇರಳಾತೀತ ಕಿರಣದ ದೀಪವನ್ನು ಬೀರಿದರೆ ಈ ಗಾಜು ಮಿಂಚುಹುಳುವಿನಂತೆ ಹಸುರಾಗಿ ಬೆಳಗುವುದು. ಮಕ್ಕಳು ಚಪ್ಪಾಳೆ ತಟ್ಟುವರು, ದೊಡ್ಡವರೂ ತಟ್ಟುವರು. ಚಪ್ಪಾಳೆಗೆ ಆಕ್ಷೇಪವಿಲ್ಲ. ಆದರೆ ಆ ಗಾಜನ್ನು ಮಾಡಿದವನು ಅದನ್ನು ಹಗಲಿನಲ್ಲಿ, ಕಿಟಕಿಯ ಬಳಿಯಲ್ಲಿ ನೋಡಬೇಕೆಂದು ಮಾಡಿದನೇ ಹೊರತು, ಈ ದೀಪಕ್ಕಾಗಿ ಅಲ್ಲ. ಹಗಲಿನ ಆ ಮೆಲ್ಲನೆಯ ಹಳದಿಯನ್ನು ಒಮ್ಮೆಯಾದರೂ ತೋರಿಸದೆ ನೇರವಾಗಿ ಕತ್ತಲೆಯ ಕೋಣೆಗೆ ಕರೆದೊಯ್ಯುವುದು ಕಥೆಯ ಕೊನೆಯನ್ನು ಮೊದಲು ಹೇಳಿದಂತೆ.

ಬೊಹೀಮಿಯದ ಮಾತು ಬಂದಾಗ ಯಾವ ಪ್ರದರ್ಶನದ ಚೀಟಿಯಲ್ಲಿಯೂ ಸಾಮಾನ್ಯವಾಗಿ ಕಾಣದ ಒಂದು ಸಂಗತಿಯನ್ನು ಹೇಳದೆ ನಿರ್ವಾಹವಿಲ್ಲ. ಆ ನಾಡಿನ ಕೆಂಪು ಹೂದಾನಿಗಳನ್ನು ಕಂಡು ರಸಿಕರು ತಲೆದೂಗುತ್ತಾರೆ. ಅದೇ ನಾಡಿನ ಗಾಬ್ಲೊಂಜ್ ಎಂಬ ಊರಿನ ಕುಲುಮೆಗಳಿಂದ 1914ರ ಮಹಾಯುದ್ಧಕ್ಕೆ ಮೊದಲು ಭಾರತಕ್ಕೆ ಹಡಗುಗಟ್ಟಲೆ ಬರುತ್ತಿದ್ದ ಸರಕು ಹೂದಾನಿಯಲ್ಲ, ಬಳೆ. ಭಾರತದ ಹೆಂಗಸರ ಕೈಯ ಅಳತೆಗೆ, ಅವರಿಗೆ ಒಪ್ಪುವ ಬಣ್ಣಗಳಲ್ಲಿ, ಆಸ್ಟ್ರಿಯ ಸಾಮ್ರಾಜ್ಯದ ಒಂದು ಮೂಲೆಯಲ್ಲಿ ಬಳೆಗಳನ್ನು ಮಾಡಿ ಕಳುಹಿಸುತ್ತಿದ್ದರು. ಯುದ್ಧದಿಂದ ಆ ದಾರಿ ಮುಚ್ಚಲು ಜಪಾನಿನ ಬಳೆಗಳು ಬಂದುವು. ಉತ್ತರದ ಫಿರೋಜಾಬಾದಿನ ಬಳೆಗಳು ಪೇಟೆಯನ್ನು ಹಿಡಿದುವು. ಹಾಗಾದರೆ ಅದಕ್ಕೆ ಮೊದಲು ಕನ್ನಡನಾಡಿನ ಹೆಂಗಸರು ತೊಡುತ್ತಿದ್ದ ಬಳೆ ಎಲ್ಲಿಯದು?

ಹೊಸದುರ್ಗ ತಾಲ್ಲೂಕಿನ ಮತ್ತೋಡು ಎಂಬ ಊರಿನ ಹೆಸರನ್ನು ಇಲ್ಲಿ ಎತ್ತಬೇಕು. ಶ್ರೀರಂಗಪಟ್ಟಣವು ಬಿದ್ದ ಮರುವರ್ಷ, 1800ರಲ್ಲಿ ಹೊರಟು 1801ರ ವರೆಗೂ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕನನ್ ಎಂಬ ವೈದ್ಯನು ಮತ್ತೋಡಿನಲ್ಲಿ ಇಳಿದು, ಅಲ್ಲಿಯ ಬಳೆಯ ಗಾಜಿನ ಕೆಲಸವನ್ನು ನೋಡಿ ವಿವರವಾಗಿ ಬರೆದಿಟ್ಟನು. 1807ರಲ್ಲಿ ಅಚ್ಚಾದ ಆತನ ಪ್ರವಾಸಗ್ರಂಥದಲ್ಲಿ ಅದು ಸೇರಿದೆ. ಊರಿನ ಕೋಟೆಯ ಗೋಡೆಗೆ ಒತ್ತಿಸಿ ಕಟ್ಟಿದ ಜಗಲಿಯಲ್ಲಿ ಗುಮ್ಮಟದಾಕಾರದ ಕುಲುಮೆಗಳು ಇದ್ದುವು. ಸವುಳು ಮಣ್ಣೂ ಬಿಳಿಯ ಬೆಣಚುಕಲ್ಲಿನ ಪುಡಿಯೂ ಗಾಜಿನ ಮೂಲದ್ರವ್ಯಗಳು. ಅಗಸನ ಸವುಳು, ಹೊಲದ ಬದುವಿನ ಬೆಣಚುಕಲ್ಲು: ಇಷ್ಟರಿಂದ ಹುಟ್ಟಿದ ಗಾಜು ಒರಟು, ಬೆಳಕನ್ನು ಬಿಡದು. ಕರಿದು, ಹಸುರು, ಕೆಂಪು, ನೀಲಿ, ಹಳದಿ ಎಂಬ ಐದು ಬಣ್ಣಗಳಲ್ಲಿ ಕರಿಯ ಬಳೆಗೇ ಗಿರಾಕಿ ಹೆಚ್ಚು. ಬುಕನನ್ನನು ಅದನ್ನು ಯೂರೋಪಿನ ಕಣ್ಣಿನಿಂದ ನೋಡಿ ಕೀಳು ಗಾಜೆಂದು ಎಣಿಸಿದನು. ಆತನು ಬಂದದ್ದು ಸೀಮೆಯ ಹುಟ್ಟುವಳಿಯನ್ನು ಲೆಕ್ಕ ಹಾಕಲು. ಆ ಲೆಕ್ಕದಲ್ಲಿ ಸೊಬಗಿಗೆ ಅಂಕಣವಿರಲಿಲ್ಲ. ಆದರೂ ಆತನಿಗೆ ಕೃತಜ್ಞತೆ ಸಲ್ಲಬೇಕು, ಏಕೆಂದರೆ ಆ ಕುಲುಮೆಗಳನ್ನು ಅಷ್ಟು ಹತ್ತಿರದಿಂದ ನೋಡಿ ಬರೆದಿಟ್ಟವರು ಬೇರೆ ಯಾರು?

ದೇಶೀಯ ಪದ್ಧತಿಯಲ್ಲಿ ಬಳೆಯನ್ನು ಮಾಡುವ ರೀತಿಯು ನೋಡತಕ್ಕದ್ದು. ಕರಗಿದ ಗಾಜಿನ ಒಂದು ಗುಳಿಗೆಯನ್ನು ಕಬ್ಬಿಣದ ಕಂಬಿಯ ತುದಿಗೆ ಎತ್ತಿಕೊಂಡು, ಚೂಪಾದ ಸಲಾಕಿಯಿಂದ ನಡುವೆ ತೂತು ಹೊಡೆದು, ಆ ಪುಟ್ಟ ಉಂಗುರವನ್ನು ಕಾಯಿಸುತ್ತ ತಿರುಗಿಸುತ್ತ ಶಂಕುವಿನಾಕಾರದ ಮಣ್ಣಿನ ಅಚ್ಚಿನ ಮೇಲೆ ಏರಿಸಿ ಹಿಗ್ಗಿಸುವರು. ಆದುದರಿಂದ ಅಂತಹ ಬಳೆಗೆ ಬೆಸುಗೆಯಿಲ್ಲ. ಅದು ಒಂದೇ ಹನಿ ಹಿಗ್ಗಿ ಆದ ವೃತ್ತ. ಫಿರೋಜಾಬಾದಿನ ಪದ್ಧತಿಯಲ್ಲಿ ಗಾಜಿನ ಎಳೆಯನ್ನು ಉರುಳೆಗೆ ಸುರುಳಿಯಾಗಿ ಸುತ್ತಿ, ಕೊರೆದು ಬಿಡಿಸಿ, ಬಿಡಿಬಿಡಿಯಾದ ಸುತ್ತುಗಳ ಬಾಯನ್ನು ದೀಪದ ಉರಿಯಲ್ಲಿ ಕೂಡಿಸುವರು. ಬೆರಳನ್ನು ಆಡಿಸಿದರೆ ಆ ಬೆಸುಗೆಯು ಸಿಕ್ಕುತ್ತದೆ. ಕಣ್ಣಿಗಿಂತ ಬೆರಳೇ ಹೆಚ್ಚು ಬಲ್ಲ ಈ ಭೇದವನ್ನು ಅಜ್ಜಿಯರು ಅರಿತಿದ್ದರು. ಆಸ್ಲರ್ ಕಂಪೆನಿಯ ನಮೂನೆಗಳು ಕಾಗದದ ಮೇಲೆ ಉಳಿದಿವೆ, ಮಾಡಿಸಿದವರ ಹೆಸರುಗಳು ಉಳಿದಿವೆ. ಮತ್ತೋಡಿನ ಕುಲುಮೆಯ ಮುಂದೆ ಕುಳಿತು ಹನಿಯನ್ನು ಹಿಗ್ಗಿಸಿದ ಒಬ್ಬನ ಹೆಸರಾದರೂ ಬುಕನನ್ನನ ಪುಸ್ತಕವನ್ನು ಹೊಕ್ಕಿಲ್ಲ. ಯಾವುದು ಅಪೂರ್ವವೆಂದು ಸಂಗ್ರಹಕಾರರು ಮತ್ತೊಮ್ಮೆ ಯೋಚಿಸಬಹುದು.

ಬಳೆಯು ಒಡೆಯುವುದಕ್ಕೆಂದೇ ಹುಟ್ಟಿದ ಗಾಜು. ಅದು ಒಡೆದಾಗ 'ಒಡೆಯಿತು' ಎನ್ನದೆ 'ಹೆಚ್ಚಿತು' ಎನ್ನುವ ವಾಡಿಕೆಯು ಕನ್ನಡನಾಡಿನ ಹಲವು ಕಡೆ ಉಂಟು. ಒಡೆದ ಚೂರುಗಳನ್ನು ಹೆಣ್ಣುಮಕ್ಕಳು ಆಯ್ದು, ಚಿಮಣಿಯ ಉರಿಯಲ್ಲಿ ಬಗ್ಗಿಸಿ, ಕೊಂಡಿಗೆ ಕೊಂಡಿ ಸಿಕ್ಕಿಸಿ ಸರಮಾಡಿ ಬಾಗಿಲಿಗೆ ಕಟ್ಟುತ್ತಿದ್ದರು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿಯೂ ಬ್ರಹ್ಮಗಿರಿಯಲ್ಲಿಯೂ 1947ರಲ್ಲಿ ಅಗೆದಾಗ ಮಣ್ಣಿನ ಪದರಗಳಲ್ಲಿ ಗಾಜಿನ ಮಣಿಗಳೂ ಬಳೆಯ ತುಂಡುಗಳೂ ಬಂದುವು. ಪ್ರಾಚ್ಯವಸ್ತು ಪಂಡಿತರು ಅವುಗಳಿಗೆ ಅಂಕೆ ಹಾಕಿ ತೆಗೆದಿಟ್ಟರು. ಎರಡು ಸಾವಿರ ವರ್ಷದ ಚೂರಿಗೆ ಕೊಡುವ ಮರ್ಯಾದೆಯಲ್ಲಿ ನೂರು ವರ್ಷದ ಚೂರಿಗೆ ಒಂದು ಪಾಲಾದರೂ ಸಲ್ಲಬೇಡವೆ?

ಮನೆಯ ಗಾಜೆಂದರೆ ಬಳೆಯೊಂದೇ ಅಲ್ಲ. ಔಷಧದ ಸೀಸೆ, ಮಸಿಯ ಬುಡ್ಡಿ, ಲಾಟೀನಿನ ಚಿಮಣಿ, ಇವೂ ಇವೆ. ಸ್ವದೇಶಿಯ ಉತ್ಸಾಹದಲ್ಲಿ ಪೈಸೆಪೈಸೆ ಕೂಡಿಸಿದ ನಿಧಿಯಿಂದ 1908ರಲ್ಲಿ ಪುಣೆಯ ಬಳಿಯ ತಳೇಗಾವಿನಲ್ಲಿ ಗಾಜಿನ ಕಾರ್ಖಾನೆಯು ಏರ್ಪಟ್ಟಿತು. 1916ರಲ್ಲಿ ಕರಾಡದ ಬಳಿ ಓಗಲೆಯವರ ಕಾರ್ಖಾನೆಯು ಹುಟ್ಟಿ, ಅವರ 'ಪ್ರಭಾಕರ' ಲಾಟೀನು ಮನೆಮಾತಾಯಿತು. ಗೋಲಿಸೋಡಾ ಬಾಟಲಿಯ ಸಂಗತಿಯು ಇನ್ನೂ ಸ್ವಾರಸ್ಯವಾದುದು. ಇಂಗ್ಲೆಂಡಿನ ಹೈರಮ್ ಕಾಡ್ ಎಂಬಾತನು 1872ರಲ್ಲಿ ಪೂರ್ಣರೂಪಕ್ಕೆ ತಂದ ಉಪಾಯವದು. ಬಾಟಲಿಯನ್ನು ತಲೆಕೆಳಗು ಮಾಡಿ ತುಂಬಿದರೆ ಒಳಗಿನ ವಾಯುವೇ ಗೋಲಿಯನ್ನು ಬಾಯಿಯ ರಬ್ಬರು ಬಳೆಗೆ ಒತ್ತಿ ಹಿಡಿಯುವುದು. ಕುಡಿಯುವಾಗ ಗೋಲಿಯು ಮತ್ತೆ ಬಾಯಿಗೆ ಉರುಳದಂತೆ ಕತ್ತಿನಲ್ಲಿ ತಡೆದು ನಿಲ್ಲಿಸುವ ಚಿವುಟುಗಳಿವೆ. ಗೋಲಿಯ ಆಸೆಗೆ ಹುಡುಗರು ಲೆಕ್ಕವಿಲ್ಲದಷ್ಟು ಬಾಟಲಿಗಳನ್ನು ಒಡೆದಿರುವುದರಿಂದಲೇ ಹಳೆಯವು ಈಗ ದುರ್ಲಭವಾಗಿ, ನೀಲಿಯ ಬಣ್ಣದವಕ್ಕೆ ಸಂಗ್ರಹಕಾರರು ಕೈತುಂಬ ಹಣ ಕೊಡುತ್ತಾರೆ. ಹುಟ್ಟಿದ ದೇಶದಲ್ಲಿ ಅದರ ಬಳಕೆ ನಿಂತುಹೋದ ಮೇಲೂ ಶಿಕಾರಿಪುರ, ಸೊರಬ, ಸಾಗರಗಳ ಜಾತ್ರೆಯ ಬೀದಿಯಲ್ಲಿ ಅದು 'ಟುಸ್' ಎಂದು ಸದ್ದು ಮಾಡುತ್ತಲೇ ಇತ್ತು. ಇಂತಹ ಬಾಟಲಿಯನ್ನು ಮೌನವಾಗಿ ಕಪಾಟಿನಲ್ಲಿ ನಿಲ್ಲಿಸುವುದು ಬಾಯಿ ಕಟ್ಟಿದಂತೆಯೇ ಸರಿ.

ಈ ವಿಚಾರಗಳೆಲ್ಲ ಎಲ್ಲಿಗೆ ಬಂದು ನಿಲ್ಲುವುವೆಂಬುದನ್ನು ನೋಡಲು ಶಿಕಾರಿಪುರ ತಾಲ್ಲೂಕಿನ ಈಸೂರಿಗೆ ಹೋಗಬೇಕು. ಕುಮುದ್ವತಿಯ ತೀರದ ಆ ಊರನ್ನು ವಾಚಕರಿಗೆ ಪರಿಚಯ ಮಾಡಿಕೊಡಬೇಕಾಗಿಲ್ಲ. 1942ರ ಸೆಪ್ಟೆಂಬರಿನಲ್ಲಿ, 'ಏಸೂರು ಕೊಟ್ಟರೂ ಈಸೂರು ಕೊಡೆವು' ಎಂದು ಸಾರಿ, ವೀರಭದ್ರ ದೇವಾಲಯದ ಮೇಲೆ ಬಾವುಟವನ್ನೇರಿಸಿ, ತನ್ನ ಆಡಳಿತವನ್ನು ತಾನೇ ನಡಸಿಕೊಳ್ಳುವುದಾಗಿ ನಿಂತ ಗ್ರಾಮವದು. ಆ ತಿಂಗಳ 28ರಂದು ನಡೆದ ಗಲಭೆಯಲ್ಲಿ ಅಮಲ್ದಾರರೂ ಪೊಲೀಸ್ ಸಬ್ ಇನ್ಸ್‌ಪೆಕ್ಟರರೂ ಸತ್ತರು. ಅನಂತರ ಸರ್ಕಾರದ ಪಡೆಗಳು ಬಂದುವು, ಜನರು ಕಾಡು ಸೇರಿದರು, ಮನೆಗಳು ಸೂರೆಯಾದುವು. ಗಂಡಸರೊಂದಿಗೆ ಹೆಂಗಸರೂ ಸೆರೆಮನೆಯನ್ನು ಕಂಡರು. 1943ರ ಮಾರ್ಚಿಯಲ್ಲಿ ಬೆಂಗಳೂರಿನ ಸೆರೆಮನೆಯಲ್ಲಿ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಎಂಬ ಐವರನ್ನು ಗಲ್ಲಿಗೇರಿಸಿದರು. ಅವರ ನೆನಪಿಗೆ ಊರಿನಲ್ಲಿ ಸ್ಮಾರಕವು ನಿಂತಿದೆ.

ಸ್ಮಾರಕದ ಕಲ್ಲು ಹೆಸರುಗಳನ್ನು ಉಳಿಸಬಲ್ಲುದು, ಮನೆಗಳನ್ನು ಉಳಿಸಲಾರದು. ಸೂರೆಯಾದ ಮನೆಯೊಂದರಲ್ಲಿ ಹಿತ್ತಾಳೆ ತಾಮ್ರಗಳನ್ನು ಎತ್ತಿಕೊಂಡು ಹೋಗುವರು, ಬಟ್ಟೆಯೂ ಭತ್ತವೂ ಹೋಗುವುವು. ಗಾಜನ್ನು ಎತ್ತಿಕೊಂಡು ಹೋಗುವ ಗೋಜಿಗೆ ಯಾರೂ ಹೋಗರು. ಅದು ಬಿದ್ದಲ್ಲಿಯೇ ಒಡೆಯುವುದು. ಕಬ್ಬಿಣವು ತುಕ್ಕು ಹಿಡಿದು, ಮರವು ಗೆದ್ದಲಿಗೆ ಬಿದ್ದು ಹೋದ ಮೇಲೂ ಮಣ್ಣಿನಲ್ಲಿ ಗಾಜಿನ ಚೂರು ಹಾಗೆಯೇ ಇರುವುದು. ಮಣ್ಣಿನಲ್ಲಿ ಎಷ್ಟು ಕಾಲ ಬಿದ್ದಿದ್ದರೂ ಬಳೆಯ ಚೂರಿನ ಹಸುರು ಹಸುರೇ. ಐವರನ್ನು ನೇಣಿಗೆ ಕೊಟ್ಟ ಊರಿನಲ್ಲಿ ಒಡೆದ ಬಳೆಗೆ ಏನರ್ಥವೆಂಬುದನ್ನು ಇದಕ್ಕಿಂತ ಹೆ‌ಚ್ಚು ಬಿಡಿಸಿ ಬರೆಯುವುದು ಉಚಿತವಲ್ಲ.

ಮಲೆನಾಡಿನ ಈ ಭಾಗದಲ್ಲಿ ಹಳೆಯದನ್ನು ಕಾಪಾಡುವ ಬುದ್ಧಿಯು ಇಲ್ಲವೆಂದಲ್ಲ. ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ತಾಡವೋಲೆಗಳಿವೆ. ಶಿವಮೊಗ್ಗದ ಶಿವಪ್ಪನಾಯಕನ ಅರಮನೆಯಲ್ಲಿ ಶಿಲ್ಪಗಳನ್ನು ಕೂಡಿಸಿದ್ದಾರೆ. ಓಲೆಗೂ ಕಲ್ಲಿಗೂ ದೊರೆತ ಈ ಆಶ್ರಯವು ಗಾಜಿಗೆ ದೊರೆಯದಿರಲು ಕಾರಣವೇನು? ಬಹುಶಃ ಓಲೆಯಲ್ಲಿ ಅಕ್ಷರವಿದೆ, ಶಿಲ್ಪದಲ್ಲಿ ದೇವರಿದ್ದಾನೆ. ಲಾಟೀನಿನ ಚಿಮಣಿಯಲ್ಲಿ ಮಸಿ ಮಾತ್ರ ಇದೆ ಎಂಬ ಭಾವನೆ. ಆ ಮಸಿಯ ಬೆಳಕಿನಲ್ಲಿಯೇ ಒಂದು ಪೀಳಿಗೆಯ ಓದೆಲ್ಲ ನಡೆಯಿತು.

ಈಸೂರಿನಂತಹ ಊರಿನಲ್ಲಿ ಗಾಜಿನ ಪ್ರದರ್ಶನವೊಂದನ್ನು ಏರ್ಪಡಿಸುವುದಾದರೆ ಅದು ಹೇಗಿರಬೇಕೆಂದು ಕೇಳುವವರಿರಬಹುದು. ಸಂಗ್ರಹಕಾರರನ್ನು ದೂರವಿಡಬೇಕೆಂದು ಯಾರೂ ಹೇಳಲಾರರು. ಹಣ ಚೆಲ್ಲಿ, ಹುಲ್ಲಿನಲ್ಲಿ ಸುತ್ತಿ, ಒಡೆಯದಂತೆ ಎದೆಗವಚಿಕೊಂಡು ತಂದವರು ಅವರು. ಅವರಿಲ್ಲದಿದ್ದರೆ ನೋಡಲು ಏನೂ ಉಳಿಯುತ್ತಿರಲಿಲ್ಲ. ಅವರ ಬೊಹೀಮಿಯದ ಹೂದಾನಿಯು ಬರಲಿ. ಆದರೆ ಅದರ ಮಗ್ಗುಲಲ್ಲಿ ಅದೇ ನಾಡಿನಿಂದ ಬಂದ ಬಳೆಯನ್ನೂ, ಅದರ ಮುಂದೆ ಮತ್ತೋಡಿನ ಕರಿಯ ಬಳೆಯ ತುಂಡು ಸಿಕ್ಕಿದರೆ ಅದನ್ನೂ ಇಡಬೇಕು. ಮೂರೂ ಒಂದೇ ಕಪಾಟಿನಲ್ಲಿದ್ದಾಗ ಮಾತ್ರ ಹೂದಾನಿಯ ಕಥೆಯು ಪೂರ್ತಿಯಾಗುವುದು. ಸೋಡಾ ಬಾಟಲಿಯನ್ನು ತೆರೆದು ತೋರಿಸಬೇಕು. ಎರಡು ಬಗೆಯ ಬಳೆಗಳನ್ನು ಹೊರಗೆ ಮೇಜಿನ ಮೇಲಿಟ್ಟು, ಬೆಸುಗೆಯನ್ನು ಬೆರಳಿನಿಂದ ಹುಡುಕಲು ಮಕ್ಕಳಿಗೆ ಬಿಡಬೇಕು. ಒಂದೆರಡು ಒಡೆದಾವು, ಒಡೆಯಲಿ.

ಚೀಟಿಗಳಲ್ಲಿ ಬೆಲೆಯನ್ನು ಬರೆಯಬಾರದು. ಯಾವ ಸಂತೆಯಲ್ಲಿ ಕೊಂಡದ್ದು, ಯಾವ ಬಳೆಗಾರನು ತೊಡಿಸಿದ್ದು, ಸೀಮಂತಕ್ಕೋ ಮದುವೆಗೋ, ಎಷ್ಟು ವರ್ಷ ಕೈಯಲ್ಲಿತ್ತು ಎಂಬುದನ್ನು ಹೇಳಬಲ್ಲ ಹಿರಿಯರು ಇನ್ನೂ ಇರುವಾಗಲೇ ಅವರನ್ನು ಕೇಳಿ ಬರೆದುಕೊಳ್ಳಬೇಕು. 1942ರ ಮಳೆಗಾಲವನ್ನು ಕಂಡವರ ಸಂಖ್ಯೆಯು ಬೆರಳೆಣಿಕೆಗೆ ಇಳಿದಿದೆ. ಚೂರು ಕಾಯಬಲ್ಲುದು, ಅದರ ಕಥೆಯನ್ನು ಬಲ್ಲವರು ಕಾಯಲಾರರು. ಇನ್ನು ದೀಪದ ಮಾತು. ಹಿಂದುಗಡೆಯಿಂದ ಬೆಳಕು ಬೀರುವ ಪಟ್ಟಣದ ಪದ್ಧತಿಯು ಆಸ್ಲರ್ ಕಂಪೆನಿಯ ಗಾಜಿಗೆ ಸರಿ. ಮತ್ತೋಡಿನ ಗಾಜು ಬೆಳಕನ್ನು ಒಳಗೆ ಬಿಡುವುದಿಲ್ಲ. ಅದನ್ನು ಕಿಟಕಿಗೆ ಎದುರಾಗಿ, ಹಗಲ ಬೆಳಕು ಮೇಲೆ ಬೀಳುವಂತೆ ಇಟ್ಟರೆ ಸಾಕು.